ಅಮ್ಮನ ಉಗುರು, ಸಾಹೇಬರ ಭಾಷಣ

ಆವತ್ತು ಅವಳು ನಕ್ಕಿದ್ದೇ ತಪ್ಪಾಯಿತು. ಬಾಯಿ ಮುಚ್ಚಿಕೊಂಡು ನೆಲ ಒರೆಸಿ ಹೋಗಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅವಳ ಬೀದಿಯವರು ಅವಳಿಗಿಟ್ಟ ಹೆಸರೇ ಬಾಯಾಳಿ. ನಲ್ಲಿಯ ಹತ್ತಿರ ಜಗಳ ಹತ್ತಿದರೆ ಎರಡೂ ಕಡೆಯವರು ಅವಳನ್ನೇ ಕರೆಯುತ್ತಿದ್ದರು, ತಮ್ಮ ಪರವಾಗಿ ಬೈಯಲಿಕ್ಕೆ.

ಪಕ್ಷದ ಕಚೇರಿಯಲ್ಲಿ ಮಾತ್ರ ಅವಳಿಗೆ ಯಾವ ಹೆಸರೂ ಇರಲಿಲ್ಲ. 'ಏ ಇವಳೇ' ಅಂದರೆ ಅವಳು. ಬೆಳಿಗ್ಗೆ ಏಳಕ್ಕೆ ಹಿಂದಿನ ಬಾಗಿಲಿನಿಂದ ಒಳಗೆ ಬರಬೇಕು. ಮೊದಲು ಕಕ್ಕಸು. ಹಿಂದಿನ ದಿನ ಬಂದುಹೋದ ಕಾರ್ಯಕರ್ತರು ದೇಶ ಕಟ್ಟುವ ಆತುರದಲ್ಲಿ ನೀರು ಹಾಕುವುದನ್ನು ಮರೆತಿರುತ್ತಿದ್ದರು. ಆಮೇಲೆ ಮೆಟ್ಟಿಲ ಮೂಲೆಗಳಲ್ಲಿ ಉಗುಳಿದ್ದನ್ನು ತಗಡಿನ ಚೂರಿನಿಂದ ಕೆರೆದು ತೆಗೆಯಬೇಕು. ಆಮೇಲೆ ಸಭೆ ಸೇರುವ ದೊಡ್ಡ ಕೋಣೆ. ಉದ್ದ ಕೋಲಿಗೆ ಕಟ್ಟಿದ ಒರೆಸುವ ಬಟ್ಟೆ ಕೊಡಿ ಎಂದು ಕೇಳಿದಾಗ, ಮೊಣಕಾಲೂರಿ ಒರೆಸಿದರೇನೇ ನೆಲ ಹೊಳೆಯುವುದು ಎಂದು ಮ್ಯಾನೇಜರ್ ಹೇಳಿದ್ದ. ಅವನು ಯಾವತ್ತು ಒರೆಸಿ ನೋಡಿದ್ದನೋ. ಅವಳ ಮೊಣಕಾಲಿನ ಚರ್ಮ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪಗಾಗಿತ್ತು. ಚಹಾ ಕುಡಿಯಲಿಕ್ಕೆ ಅವಳಿಗೊಂದು ಹಿಡಿ ಮುರಿದ ಕಪ್ಪು ಇತ್ತು. ಅದು ಪೊರಕೆಯ ಗೂಡಿನಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕ ಇರುತ್ತಿತ್ತು. ಬೇರೆ ಕಪ್ಪುಗಳನ್ನು ಅವಳು ತೊಳೆಯಬಹುದಿತ್ತು, ಕುಡಿಯುವಂತಿರಲಿಲ್ಲ.

ಚುನಾವಣೆಗೆ ಇನ್ನು ಎರಡೂವರೆ ತಿಂಗಳಿತ್ತು. ಅಭ್ಯರ್ಥಿಯನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅವರು ಆ ದೊಡ್ಡ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು. ಭಾಷಣ ಬರೆದವರು ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಮೆತ್ತಗಿನ ಮನುಷ್ಯ; ನಾಲ್ಕು ಪುಸ್ತಕ ಬರೆದು, ನಾಲ್ಕನ್ನೂ ಕಂಡಕಂಡವರಿಗೆ ಪುಕ್ಕಟೆ ಹಂಚಿದ್ದರು. ಅವಳು ಸಾಹೇಬರ ಕಾಲ ಬುಡದಲ್ಲೇ ನೆಲ ಒರೆಸುತ್ತಿದ್ದಳು.

"ಶ್ರಮಿಕರ ಸ್ವೇದಬಿಂದುಗಳಿಂದ ಸಿಂಚಿತವಾದ ಈ ಪಾವನ ನೆಲದಲ್ಲಿ..." ಎಂದರು ಸಾಹೇಬರು.

ಅವಳು ಕಿಸಕ್ಕನೆ ನಕ್ಕುಬಿಟ್ಟಳು.

"ಯಾಕೆ ನಕ್ಕೆ?"

"ಏನಿಲ್ಲ ಸಾಹೇಬ್ರೇ. ಸ್ವೇದಬಿಂದು ಅಂದ್ರೆ ಯಾರ ಮನೆ ಹುಡುಗಿ ಅಂತ ಯೋಚಿಸ್ತಿದ್ದೆ."

ಮ್ಯಾನೇಜರ್ ಹೊಡೆಯುವವನಂತೆ ಮುಂದೆ ಬಂದ. ಸಾಹೇಬರು ಕೈಯಲ್ಲೇ ತಡೆದರು. ಹೋದ ವಾರದ ಸಭೆಯಲ್ಲಿ ಇದೇ ಭಾಷಣಕ್ಕೆ ಜನ ಆಕಳಿಸಿದ್ದನ್ನು ಅವರು ಮರೆತಿರಲಿಲ್ಲ. "ಬೆವರು ಕಣೇ ಅದು, ಬೆವರು" ಎಂದರು.

"ಹಂಗಾದ್ರೆ ಬೆವರು ಅನ್ನಿ. ಬೆವರು ಅಂದ್ರೆ ನಾಲಿಗೆ ಸವೆದುಹೋಗ್ತದಾ?" ಎಂದವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತ, ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಿದಳು: "ನಮ್ಮಮ್ಮ ಇಪ್ಪತ್ತಾರು ವರ್ಷ ಆಸ್ಪತ್ರೆ ಬಟ್ಟೆ ಒಗೆದ್ಳು. ರಕ್ತ ಆಗಿರೋ ಚಾದರ, ಕೀವು ಆಗಿರೋ ಚಾದರ. ಕುದಿಯೋ ತೊಟ್ಟೀಲಿ ಕಾಸ್ಟಿಕ್ ಸೋಡಾ. ಕೈಗವಸು ಕೊಡಿ ಅಂದ್ರೆ, ಫೋಟೋ ತೆಗೆಯೋ ದಿನ ಕೊಟ್ಟು ಸಂಜೆ ವಾಪಸ್ ಇಸ್ಕೊಂಡ್ರು. ಒಂದೊಂದಾಗಿ ಹತ್ತೂ ಉಗುರು ಹೋದ್ವು. ನಂಗೆ ಉಣ್ಸೋವಾಗ ಕಣ್ಮುಚ್ಚು ಅಂತಿದ್ಳು. ಈ ಕೈ ನೋಡಿದ್ರೆ ಮಗೂಗೆ ತುತ್ತು ಇಳಿಯಲ್ಲ ಅಂತ. ಸ್ಕೂಲಿಗೆ ಸೇರ್ಸೋಕೆ ಕರ್ಕೊಂಡು ಹೋದ್ಳು. ಹೆಬ್ಬೆಟ್ಟು ಒತ್ತು ಅಂದ್ರು. ಒತ್ತಿದ್ಳು. ಗೆರೇನೇ ಮೂಡ್ಲಿಲ್ಲ, ಬರೀ ಮಸಿ. ಇದು ಹೆಬ್ಬೆಟ್ಟೇ ಅಲ್ಲ, ನಡಿ ಆಚೆ ಅಂದ ಗುಮಾಸ್ತ. ಆಗ ನಮ್ಮಮ್ಮ ಅಂದ್ಳು, ನನ್ನ ಬೆರಳಿನ ಗೆರೆ ಆಸ್ಪತ್ರೆ ಚಾದರದಲ್ಲಿ ಐತೆ ಸ್ವಾಮಿ, ನಿಮ್ಮೋರು ಯಾರಾದ್ರೂ ಅದರ ಮೇಲೆ ಮಲಗಿದ್ರೆ ಬೆನ್ನು ತಿರುಗ್ಸಿ ನೋಡ್ಕೊಳ್ಳಿ, ಅಲ್ಲಿ ಮೂಡಿರ್ತದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮ್ಯಾನೇಜರ್ ಕೂಡ ಎತ್ತಿದ ಕೈ ಇಳಿಸಿದ. ಸಾಹೇಬರು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತ ಹೇಳಿದರು:

"ಬರ್ಕೊಳ್ರೀ ಮೇಷ್ಟ್ರೇ."

ಅಂದಿನಿಂದ ಅವಳಿಗೆ ಎರಡು ಕೆಲಸ. ಒರೆಸುವುದು, ಮಾತು ಹೇಳುವುದು. ಎರಡನೆಯದಕ್ಕೆ ಹೆಸರೂ ಇಲ್ಲ, ಸಂಬಳವೂ ಇಲ್ಲ. ಹತ್ತು ಗಂಟೆಗೆ ಮೇಷ್ಟ್ರು ನೋಟ್‌ಬುಕ್ ಬಿಚ್ಚಿ ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳು ನಿಂತಿರುತ್ತಿದ್ದಳು, ಕೈಯಲ್ಲಿ ಪೊರಕೆ ಹಿಡಿದು. ಯಾರಾದರೂ ಬಂದರೆ ಗುಡಿಸುತ್ತಿರುವಂತೆ ಕಾಣಬೇಕು ಎಂದು ಮ್ಯಾನೇಜರನ ಅಪ್ಪಣೆ. ಇಲ್ಲಿಯ ವಿಷಯ ಹೊರಗೆ ಬಾಯಿ ಬಿಟ್ಟರೆ ಕೆಲಸ ಹೋಯಿತು ಎಂಬುದೂ ಅವನದೇ ಅಪ್ಪಣೆ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಜನ ಎಲ್ಲಿ ಕರಗುತ್ತಾರೆ, ಎಲ್ಲಿ ಕೆರಳುತ್ತಾರೆ ಎಂಬುದು ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಿತ್ತು. ನಲವತ್ತೆರಡು ಮನೆಗೆ ಒಂದೇ ನಲ್ಲಿ ಇರುವ ಬೀದಿಯಲ್ಲಿ ಬೆಳೆದವಳಿಗೆ ಅದನ್ನು ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ.

"ಮೊದ್ಲು ನಗ್ಸಿ ಮೇಷ್ಟ್ರೇ. ನಗೋವಾಗ ಬಾಯಿ ತೆಕ್ಕೊಂಡಿರ್ತದೆ, ಆಮೇಲೆ ನೀವೇನ್ ಹಾಕಿದ್ರೂ ಒಳಗೋಗ್ತದೆ."

"ಏನಂತ ನಗಿಸೋದು?"

"ಸ್ಟೇಜ್ ಮೇಲೆ ಕುರ್ಚಿ ನಾಲ್ಕು, ಲೀಡರು ಐದು ಜನ ಇರ್ತಾರಲ್ಲ. ಸಾಹೇಬ್ರು ಹೇಳ್ಲಿ: ನಾನು ಮಾತಾಡೋಕೆ ಎದ್ದಿದೀನಿ, ವಾಪಸ್ ಹೋಗೋಷ್ಟ್ರಲ್ಲಿ ನನ್ನ ಕುರ್ಚೀಲಿ ಇನ್ಯಾರೋ ಕೂತಿರ್ತಾರೆ, ಅದಕ್ಕೇ ಬೇಗ ಮುಗಿಸ್ತೀನಿ ಅಂತ."

ಮೇಷ್ಟ್ರು ನಕ್ಕರು, ಬರೆದುಕೊಂಡರು. "ಮುಂದೆ? ನೀರಿನ ಯೋಜನೆ ಬಗ್ಗೆ ಹೇಳ್ಬೇಕು. ಎಷ್ಟೋ ಕೋಟಿ ಲೀಟರು..."

"ಕೋಟಿ ಗೀಟಿ ಬೇಡ. ಕೋಟಿನ ಯಾರು ಹೊತ್ತಿದಾರೆ? ಒಂದು ಬಕೆಟ್ ಅನ್ನಿ. ನಲ್ಲಿಯಿಂದ ಮನೆವರೆಗೆ ಒಂದು ಬಕೆಟ್ ತರೋಷ್ಟ್ರಲ್ಲಿ ಅರ್ಧ ಚೆಲ್ತದೆ. ಚೆಲ್ಲಿದ್ದು ನೀರಲ್ಲ ತಾಯಂದಿರೇ, ನಿಮ್ಮ ಸೊಂಟ, ಅನ್ನಿ. ಅಂದು ಸುಮ್ನಿರ್ಬೇಕು. ಮೂರು ಉಸಿರು. ಸುಮ್ನಿರೋದನ್ನೂ ಬರ್ಕೊಳ್ಳಿ, ಇಲ್ಲಾಂದ್ರೆ ಸಾಹೇಬ್ರು ಗಡಗಡ ಓದ್ಬಿಡ್ತಾರೆ."

ಮೇಷ್ಟ್ರು 'ಮೂರು ಉಸಿರು' ಎಂದು ಬರೆದು ಸುತ್ತ ಗೆರೆ ಹಾಕಿದರು.

ಸಭೆಗಳ ಚಹರೆಯೇ ಬದಲಾಯಿತು. ದೂರದೂರದ ಊರುಗಳಲ್ಲಿ ಜನ ಮೈದಾನ ತುಂಬಿ ನಿಂತರು, ನಕ್ಕರು, ಅತ್ತರು. ಸಾಹೇಬರ ಎದೆ ಎರಡು ಇಂಚು ಹೆಚ್ಚಾಯಿತು. ಒಂದು ಬೆಳಿಗ್ಗೆ ಕಚೇರಿಯ ಟಿವಿಯಲ್ಲಿ ಭಾಷಣ ಬರುತ್ತಿತ್ತು. ಅವಳು ಮೇಜಿನ ಕೆಳಗೆ ಒರೆಸುತ್ತಿದ್ದವಳು ತಲೆ ಎತ್ತಿ ನೋಡಿದಳು.

"ನನ್ನ ತಾಯಿ" ಎನ್ನುತ್ತಿದ್ದರು ಸಾಹೇಬರು, ಗದ್ಗದ ದನಿಯಲ್ಲಿ, "ನನ್ನ ಹೆತ್ತ ತಾಯಿ ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ನನ್ನನ್ನು ಸಾಕಿದಳು. ರಕ್ತದ ಚಾದರ, ಕೀವಿನ ಚಾದರ..."

ಸಾಹೇಬರ ಹೆತ್ತ ತಾಯಿಯನ್ನು ಅವಳು ಕಣ್ಣಾರೆ ಕಂಡಿದ್ದಳು. ಒಮ್ಮೆ ಕಚೇರಿಗೆ ಬಂದಿದ್ದ ಆ ಹೆಂಗಸಿಗೆ ಕಾರಿನಿಂದ ಇಳಿಯಲಿಕ್ಕೇ ಇಬ್ಬರು ಬೇಕಾಗಿತ್ತು. ಹತ್ತೂ ಉಗುರಿಗೆ ಬಣ್ಣ. ಕುರ್ಚಿಯನ್ನು ಇವಳ ಕೈಯಲ್ಲಿ ಎರಡು ಸಲ ಒರೆಸಿಸಿ, ಒರೆಸಿದವಳು ದೂರ ಸರಿದ ಮೇಲೆ ಕೂತಿದ್ದಳು.

"ಮೇಷ್ಟ್ರೇ, ಇದು ನಮ್ಮಮ್ಮನ ವಿಷ್ಯ ಅಲ್ವಾ?" ಎಂದು ಕೇಳಿದಳು.

ಮೇಷ್ಟ್ರಿಗೆ ಮುಖ ಎತ್ತಲಾಗಲಿಲ್ಲ. "ಭಾಷಣದಲ್ಲಿ ಹಾಗೇ ತಾಯಿ. ಒಬ್ಬರ ಅಮ್ಮ ಅಂದ್ರೆ ಎಲ್ಲರ ಅಮ್ಮ ಇದ್ದ ಹಾಗೆ."

"ಹಂಗಾದ್ರೆ ಅವರಮ್ಮನೂ ನಮ್ಮಮ್ಮನೇ. ಒಂದಿನ ತೊಟ್ಟೀಲಿ ಕೈ ಅದ್ದೋಕೆ ಕಳ್ಸಿ."

ಹೀಗೆ ಅಂದಳು, ನಿಜ. ಆದರೆ ಆ ದಿನ ಅವಳು ಕೆಲಸ ಬಿಡಲಿಲ್ಲ. ಟಿವಿಯಲ್ಲಿ ಸಾವಿರಾರು ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳ ಅಮ್ಮ ಸತ್ತ ದಿನ ಆಸ್ಪತ್ರೆಯವರು ಅರ್ಧ ದಿನದ ರಜೆಯನ್ನೂ ಯಾರಿಗೂ ಕೊಟ್ಟಿರಲಿಲ್ಲ. ಹೆಣ ಎತ್ತಿ ಬಂದವರು ನೇರ ತೊಟ್ಟಿಗೆ ಹೋಗಿದ್ದರು. ಈಗ ಇಷ್ಟು ಜನ ಅಮ್ಮನಿಗಾಗಿ ಅಳುತ್ತಿದ್ದಾರೆ. ಯಾರ ಅಮ್ಮ ಎಂದು ಗೊತ್ತಿಲ್ಲದಿದ್ದರೇನು, ಅಳುತ್ತಿದ್ದಾರಲ್ಲ. ಅವಳಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಹೆಮ್ಮೆಯಾದದ್ದಕ್ಕೆ ಆಮೇಲೆ ಅವಳು ತನ್ನನ್ನು ತಾನೇ ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದಿಲ್ಲ.

ಚುನಾವಣೆಗೆ ಮೂರು ವಾರ ಇರುವಾಗ ಸಾಹೇಬರು ಅವಳನ್ನು ಒಳಗಿನ ಕೋಣೆಗೆ ಕರೆಸಿದರು. "ಕೂತ್ಕೋ" ಎಂದರು. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ಹೇಳಿರಬೇಕು ಅಂತ. ಆರು ವರ್ಷ ಒರೆಸಿದ ಕುರ್ಚಿಯ ಮೇಲೆ ಮೊದಲ ಸಲ ಕೂತಳು. ಹಿತವಾಗಿಯೇನೂ ಇರಲಿಲ್ಲ.

ಮೇಜಿನ ಮೇಲೆ ನಕ್ಷೆ ಹಾಸಿತ್ತು. ಅವಳಿಗೆ ನಕ್ಷೆ ಓದಲು ಬರದಿದ್ದರೂ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಸುತ್ತಿದ್ದು ಯಾವ ಜಾಗ ಎಂದು ತಿಳಿಯಿತು. ದೊಡ್ಡ ಚೌಕ ಆಸ್ಪತ್ರೆ. ಅದರ ಬೆನ್ನಿಗೆ ಒಗೆಯುವ ಮನೆ. ಅದರ ಹಿಂದೆ ಎರಡು ಸಾಲು ಚಿಕ್ಕ ಚಿಕ್ಕ ಪೆಟ್ಟಿಗೆಗಳು. ಅವಳ ಬೀದಿ.

"ಅಲ್ಲಿ ಹೊಸ ಕಟ್ಟಡ ಬರ್ತದೆ. ಹನ್ನೊಂದು ಮಹಡಿ" ಎಂದರು ಸಾಹೇಬರು. ಕಟ್ಟುವವನು ಅವರ ಷಡ್ಡಕ ಎಂಬುದನ್ನು ಅವರು ಹೇಳಲಿಲ್ಲ. ಕಚೇರಿಯ ಕಸದ ಬುಟ್ಟಿ ಖಾಲಿ ಮಾಡುವವಳಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. "ನಿಮ್ಮ ಜನಕ್ಕೆ ಊರಾಚೆ ಮನೆ ಕೊಡ್ತೀವಿ. ಆದ್ರೆ ಹಳದಿ ಚೀಟಿ ಇದಾವಲ್ಲ, ಅದೇ ತಲೆನೋವು."

ಹಳದಿ ಚೀಟಿ ಅವಳ ಬೀದಿಯ ಪ್ರತಿ ಮನೆಯಲ್ಲೂ ಇತ್ತು. ಒಗೆಯುವ ಮನೆ ಕಟ್ಟಿದ ಕಾಲಕ್ಕೆ ಆಸ್ಪತ್ರೆಯವರು ಅಜ್ಜಿಯಂದಿರಿಗೆ ಕೊಟ್ಟಿದ್ದ ಕಾಗದ. ಈ ಮನೆಯವರು ಬಟ್ಟೆ ಒಗೆಯುವವರೆಗೆ ಈ ಮನೆ ಅವರದು ಎಂದು ಬರೆದು, ಮೊಹರು ಒತ್ತಿದ್ದರು. ಹರಿದರೆ ಅಂಟಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರು.

"ಅವರೇ ತಮ್ಮ ಕೈಯಾರೆ ತಂದು ಕೊಡ್ಬೇಕು, ನಗ್ತಾ ನಗ್ತಾ. ಬಲವಂತ ಮಾಡಿದ್ರೆ ಪೇಪರ್‌ನೋರು ಬರ್ತಾರೆ, ಕೋರ್ಟು ಗೀರ್ಟು. ನಾನೇ ಅಲ್ಲಿಗೆ ಬಂದು ಮಾತಾಡ್ತೀನಿ. ಅವರಿಗೆ ಯಾವ ಮಾತು ನಾಟ್ತದೆ ನಿಂಗೆ ಗೊತ್ತು. ಒಂದು ಒಳ್ಳೆ ಭಾಷಣ ಹೇಳ್ಕೊಡು. ನಿಂಗೆ ಊರೊಳಗೇ ಬೇರೆ ಮನೆ ಕೊಡ್ಸ್ತೀನಿ."

"ಊರಾಚೆ ಅಂದ್ರೆ ಎಲ್ಲಿ?"

ಸಾಹೇಬರು ನಕ್ಷೆಯ ತುದಿಯಲ್ಲಿ ಬೆರಳಿಟ್ಟರು. ಕಲ್ಲು ಒಡೆದು ಖಾಲಿಯಾದ ಗುಂಡಿಗಳ ಜಾಗ. ಬಸ್ಸು ಹೋಗುವುದಿಲ್ಲ. ಬೆಳಿಗ್ಗೆ ಐದಕ್ಕೆ ತೊಟ್ಟಿಯ ಮುಂದೆ ನಿಲ್ಲಬೇಕಾದ ಹೆಂಗಸರು ಅಲ್ಲಿಂದ ನಡೆದು ಬರಬೇಕಾದರೆ ಹಿಂದಿನ ದಿನವೇ ಹೊರಡಬೇಕು. ಬರದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಆ ಮನೆಯೂ ಇಲ್ಲ.

ಅವಳು ಕುರ್ಚಿಯಿಂದ ಎದ್ದಳು.

"ಆಗಲ್ಲ."

"ಏನಾಗಲ್ಲ?"

"ನಮ್ಮ ಜನದ ಕುತ್ತಿಗೆ ಕುಯ್ಯೋಕೆ ನಾನೇ ಕತ್ತಿ ಮಸೆದು ಕೊಡಲ್ಲ. ಇಷ್ಟು ದಿನ ಕೊಟ್ಟಿದ್ದೇ ಹೆಚ್ಚಾಯ್ತು. ಮಾತು ನಂದು. ಕೊಡಲ್ಲ."

ಸಾಹೇಬರಿಗೆ ಸಿಟ್ಟು ಬರಲಿಲ್ಲ. ನಗು ಬಂತು. "ಮಾತು ನಿಂದಾ? ಮೇಷ್ಟ್ರೇ, ಸ್ವಲ್ಪ ನೋಟ್‌ಬುಕ್ ತೋರ್ಸ್ರೀ ಇವಳಿಗೆ."

ಮೇಷ್ಟ್ರು ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಮೂರು ದಪ್ಪ ನೋಟ್‌ಬುಕ್ಕುಗಳು. ಪ್ರತಿ ಪುಟಕ್ಕೂ ಬಣ್ಣದ ಚೀಟಿ ಅಂಟಿಸಿದ್ದರು. ಎಂಥಾ ಅಚ್ಚುಕಟ್ಟು!

"ನೀರು, ನಗು, ಸಿಟ್ಟು, ತಾಯಿ. ಎಲ್ಲ ಇದೆ ಇದರಲ್ಲಿ. ನೀನು ಇಲ್ದೆ ಇದ್ರೂ ನಡೀತದೆ" ಎಂದರು ಸಾಹೇಬರು. "ಏ, ಇವಳ ಹತ್ರ ಪೊರಕೆ ಇಸ್ಕೊಂಡು ಆಚೆ ಕಳ್ಸ್ರೋ."

ಮ್ಯಾನೇಜರ್ ರಟ್ಟೆ ಹಿಡಿದು ದಬ್ಬಿಕೊಂಡು ಹೋದ. ಅಷ್ಟು ಅವಸರದಲ್ಲೂ ಹಿಂದಿನ ಬಾಗಿಲಿಂದಲೇ ದಬ್ಬಿದ. ಹೊರಗೆ ಕಸದ ಡಬ್ಬಿಗಳ ನಡುವೆ ನಿಂತು ಅವಳು ಅವನ ವಂಶದ ಏಳು ತಲೆಮಾರನ್ನೂ ಜಾಲಾಡಿದಳು. ಬಾಗಿಲು ಮುಚ್ಚಿತು. ಬೈಗುಳಕ್ಕೂ ಒಂದು ಕಿವಿ ಬೇಕಾಗುತ್ತದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು. ಗಂಡ ರಸ್ತೆ ಕೆಲಸಕ್ಕೆ ಹೋದವನು ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಮನೆಯಲ್ಲಿ ಇರುವುದು ಅತ್ತೆ, ಸೊಸೆ ಇಬ್ಬರೇ. ಅರವತ್ತು ದಾಟಿದ ಅತ್ತೆ ಈಗಲೂ ತೊಟ್ಟಿಗೆ ಹೋಗುತ್ತಿದ್ದಳು. ಒಗೆಯುವವರು ಇಲ್ಲದ ಮನೆಗೆ ಚೀಟಿ ಇಲ್ಲ. ಸೊಸೆ ತೊಟ್ಟಿಗೆ ಕೈ ಹಾಕಕೂಡದು ಎಂದು ಸೊಸೆಯ ಅಮ್ಮ ಮದುವೆಗೆ ಮೊದಲೇ ಮಾತು ತೆಗೆದುಕೊಂಡಿದ್ದಳು. ಅತ್ತೆ ಗೊಣಗುತ್ತಲೇ ಆ ಮಾತು ಉಳಿಸಿಕೊಂಡಿದ್ದಳು.

ಅತ್ತೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೇಳಿಸಿಕೊಂಡಳು. ಆಮೇಲೆ, "ಕೆಲ್ಸ ಕಳ್ಕೊಂಡ್ಯಾ?" ಎಂದಳು.

"ಅದಲ್ಲ ಅತ್ತೆ ವಿಷ್ಯ..."

"ಅದೇ ವಿಷ್ಯ. ನಿನ್ನ ಬಾಯಿಂದ ಕೆಲ್ಸ ಹೋಯ್ತು, ಈಗ ಅವರ ಮೇಲೆ ಗೂಬೆ ಕೂರಿಸ್ತಿದೀಯ. ಅಷ್ಟು ದೊಡ್ಡ ಮನುಷ್ಯ ನಿನ್ನ ಹತ್ರ ಮಾತು ಕೇಳಿ ಕಲೀತಾನಾ? ಯಾರಿಗೆ ಹೇಳ್ತೀಯ ಈ ಕಥೆ?"

"ನಿನ್ನಾಣೆ ಅತ್ತೆ."

"ಪಕ್ಷದೋರು ಬಂದು ಹೇಳಿ ಹೋಗಿದಾರೆ, ಹೊಸ ಮನೇಲಿ ಒಳಗೇ ನಲ್ಲಿ ಐತಂತೆ ಕಣೇ" ಎಂದಳು ಅತ್ತೆ, ದನಿ ತಗ್ಗಿಸಿ. "ಮನೆ ಒಳಗೇ. ತಿರುಗ್ಸಿದ್ರೆ ಬರ್ತದಂತೆ. ನಲವತ್ತು ವರ್ಷದಿಂದ ಬಕೆಟ್ ಹೊತ್ತಿದೀನಿ. ಸಾಯೋ ಮುಂಚೆ ಒಂದ್ಸಲ ಕೂತಲ್ಲೇ ಕೈ ತೊಳ್ಕೋಬೇಕು ನಾನು."

ಬಕೆಟ್ಟಿನ ಮಾತು ಮೇಷ್ಟ್ರಿಗೆ ಹೇಳಿಕೊಟ್ಟಾಗ ಅವಳ ಕಣ್ಣ ಮುಂದೆ ಇದ್ದದ್ದು ಈ ಸೊಂಟವೇ. ಬೀದಿಯಲ್ಲಿ ಮನೆಮನೆಗೂ ಹೋಗಿ ಹೇಳಿದಳು. ಎರಡು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ಕೇಳಿದರು. ಬಾಯಾಳಿಯ ಮಾತನ್ನು ಜಗಳಕ್ಕೆ ನಂಬುತ್ತಿದ್ದರೇ ಹೊರತು ಸತ್ಯಕ್ಕೆ ನಂಬುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಬೀದಿಯ ತುದಿಯಲ್ಲಿ ಹಲಗೆಯ ವೇದಿಕೆ ಎದ್ದಿತು. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಚೀಟಿ ಹಾಕಲು ಹೊಸ ತಗಡಿನ ಡಬ್ಬಿ, ಫೋಟೋದವರು ಇಬ್ಬರು. ಹೆಂಗಸರೆಲ್ಲ ಬೆಳಗಿನ ಪಾಳಿ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳದಿ ಚೀಟಿ. ಅವಳು ಹಿಂದೆ ನಿಂತಿದ್ದಳು, ಇಸ್ತ್ರಿ ಮನೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಇಸ್ತ್ರಿಯಕ್ಕನ ಜೊತೆಗೆ.

ಸಾಹೇಬರು ಕಾಗದ ಹಿಡಿದು ಎದ್ದರು. ಕುರ್ಚಿಯ ತಮಾಷೆ ಹೇಳಿದರು. ಬೀದಿಯೇ ನಕ್ಕಿತು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಬಕೆಟ್ಟು. "ಚೆಲ್ಲಿದ್ದು ನೀರಲ್ಲ ತಾಯಂದಿರೇ, ನಿಮ್ಮ ಸೊಂಟ" ಎಂದು ಹೇಳಿ ಮೂರು ಉಸಿರು ಸುಮ್ಮನಿದ್ದರು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ತಾನು ಎಣಿಸಿ ಕೊಟ್ಟ ಮೂರು ಉಸಿರಿನಲ್ಲಿ ತನ್ನ ಜನ ಬೆಣ್ಣೆಯ ಹಾಗೆ ಕರಗುತ್ತಿರುವುದನ್ನು ಅವಳು ನಿಂತು ನೋಡಿದಳು.

"ನನ್ನ ತಾಯಿ" ಎಂದರು ಸಾಹೇಬರು.

ಅವಳು ಬೆಚ್ಚಿದಳು. ಇಲ್ಲೂ ಅದನ್ನೇ ಹೇಳುತ್ತಾನೆಂದು ಅವಳು ಎಣಿಸಿರಲಿಲ್ಲ. ಅಮ್ಮ ಬದುಕಿದ್ದು ಇದೇ ಬೀದಿಯ ಏಳನೇ ಮನೆಯಲ್ಲಿ. ಹೆಣ ಇಳಿಸಿದ್ದು ಈಗ ವೇದಿಕೆ ಹಾಕಿದ ಈ ಜಾಗದಲ್ಲೇ. ಮೇಷ್ಟ್ರು ಮೂರು ನೋಟ್‌ಬುಕ್ ತುಂಬಿಸಿದ್ದರು. ಕಸ ಗುಡಿಸುವವಳ ಅಮ್ಮನಿಗೂ ಒಂದು ಬೀದಿ ಇರುತ್ತದೆ, ಆ ಬೀದಿಯವರಿಗೆ ಅವಳ ಗುರುತು ಇರುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ನನ್ನನ್ನು ಸಾಕಿದಳು. ರಕ್ತದ ಚಾದರ, ಕೀವಿನ ಚಾದರ. ಒಂದೊಂದಾಗಿ ಹತ್ತೂ ಉಗುರು ಹೋದವು..."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮ ದೊಡ್ಡಕ್ಕಂಗೆ ಆದಂಗೇ ಅಲ್ವಾ?" ಎಂದಳು ಇಸ್ತ್ರಿಯಕ್ಕ. ಬಾಯಾಳಿಯ ಅಮ್ಮನನ್ನು ಬೀದಿ ದೊಡ್ಡಕ್ಕ ಎಂದೇ ಕರೆಯುತ್ತಿತ್ತು. ಈಗ ಗುಟ್ಟು ರಟ್ಟಾಯಿತು ಎಂದು ಅವಳಿಗೆ ಜೀವ ಬಂತು. ಆದರೆ ಆದದ್ದೇ ಬೇರೆ.

"ಪಾಪ, ಅವರಮ್ಮನೂ ನಮ್ಮೋಳೇ ಅಂತೆ" ಎಂದು ಅತ್ತೆ ಕಣ್ಣು ಒರೆಸಿಕೊಂಡಳು. "ನಮ್ಮ ಕಷ್ಟ ಕಂಡ ಮಗ. ಇವನು ಮೋಸ ಮಾಡ್ತಾನಾ?" ಅಂದವಳೇ ಎದ್ದು, ಚೀಟಿ ಹಿಡಿದು, ಎಲ್ಲರಿಗಿಂತ ಮೊದಲು ವೇದಿಕೆಯ ಕಡೆ ಹೊರಟಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಎದ್ದರು. ಫೋಟೋದವರು ಮುಂದೆ ಓಡಿದರು.

ತಡೆದರೆ ಅತ್ತೆ ನಿಲ್ಲುವವಳಲ್ಲ. ಕೂಗಿ ಬೈದರೆ, ಬಾಯಾಳಿ ಮತ್ತೆ ಶುರು ಮಾಡಿದಳು ಎನ್ನುತ್ತಾರೆ. ಅವಳು ಉಸಿರು ಎಳೆದುಕೊಂಡಳು. ಎದೆ ತುಂಬ ಎಳೆದುಕೊಂಡು, ಟಿವಿಯಲ್ಲಿ ಸಾಹೇಬರು ಹೇಳುತ್ತಿದ್ದ ಪುಸ್ತಕದ ಮಾತಿನಲ್ಲೇ, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಉಣಿಸುವಾಗ ಕಣ್ಣು ಮುಚ್ಚು ಎನ್ನುತ್ತಿದ್ದಳು."

ಎಲ್ಲರೂ ತಿರುಗಿದರು. ಅಷ್ಟರಲ್ಲಿ ಮೈಕಿನಲ್ಲಿ ಸಾಹೇಬರು ಓದಿದರು:

"ಉಣಿಸುವಾಗ ಕಣ್ಣು ಮುಚ್ಚು ಎನ್ನುತ್ತಿದ್ದಳು."

"ಈ ಕೈ ನೋಡಿದರೆ ಮಗುವಿಗೆ ತುತ್ತು ಇಳಿಯುವುದಿಲ್ಲ ಅಂತ" ಎಂದಳು ಅವಳು.

"ಈ ಕೈ ನೋಡಿದರೆ ಮಗುವಿಗೆ ತುತ್ತು ಇಳಿಯುವುದಿಲ್ಲ ಅಂತ" ಎಂದಿತು ಮೈಕು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬರು ತಲೆ ಎತ್ತಲಿಲ್ಲ. ಕಾಗದ ಬಿಟ್ಟು ಮಾತಾಡುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳು ಬೇಕಾಗಿಯೇ ಇರಲಿಲ್ಲವಲ್ಲ.

"ಶಾಲೆಗೆ ಸೇರಿಸಲು ಕರೆದುಕೊಂಡು ಹೋದಳು" ಎಂದಳು. ಮೈಕು ಅದನ್ನೇ ಅಂದಿತು. "ಹೆಬ್ಬೆಟ್ಟು ಒತ್ತು ಅಂದರು." ಮೈಕು ಅದನ್ನೂ ಅಂದಿತು. "ಒತ್ತಿದಳು. ಗೆರೆಯೇ ಮೂಡಲಿಲ್ಲ."

ಮೈಕು ನಿಂತಿತು.

ಸಾಹೇಬರು ಹಾಳೆ ತಿರುಗಿಸಿದರು. ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು.

"ಯಾಕೆ ನಿಲ್ಲಿಸಿದ್ರಿ ಸಾಹೇಬ್ರೇ?" ಎಂದು ಅವಳು ಹೆಂಗಸರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. "ಓದಿ. ಮುಂದೆ ಗುಮಾಸ್ತ ಬರ್ತಾನೆ. ಆಮೇಲೆ ಚಾದರ, ಆಮೇಲೆ ಬೆನ್ನು. ನಾನು ಹೇಳ್ಕೊಟ್ಟಿದ್ದೇ ಅಲ್ವಾ? ನಮ್ಮಮ್ಮನ್ನ ಅವಳ ಮನೆ ಮುಂದೇನೇ ಮಾರೋಕೆ ಬಂದಿದೀರಲ್ಲ, ನಾಚ್ಕೆ ಆಗಲ್ವಾ?"

ಮ್ಯಾನೇಜರ್ ಅವಳತ್ತ ನುಗ್ಗಿದ. ಫೋಟೋದವರು ನೋಡುತ್ತಿದ್ದಾರೆ ಎಂದು ಸಾಹೇಬರೇ ಅವನನ್ನು ಕಣ್ಣಲ್ಲಿ ತಡೆದರು. ಮುಖದ ಮೇಲೆ ನಗು ತಂದುಕೊಂಡು ಮೈಕಿಗೆ ಬಾಗಿದರು. "ಈ ತಂಗಿಗೆ ಏನೋ ಸಿಟ್ಟಿದೆ. ಕೆಲಸ ಹೋದ ಬೇಜಾರು. ನನ್ನ ತಾಯಿಯೂ ನಿಮ್ಮ ಹಾಗೇ ಒಗೆದವಳು ಅಂತ ನಾನು ಆಣೆ ಮಾಡಿ ಹೇಳ್ತೀನಿ. ಬನ್ನಿ ಅಜ್ಜಿ, ನೀವು ಚೀಟಿ ಕೊಡಿ."

ಅತ್ತೆ ವೇದಿಕೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಚೀಟಿ ಹಿಡಿದ ಕೈ ಅರ್ಧ ಚಾಚಿತ್ತು. ಅವಳು ಸೊಸೆಯನ್ನು ನೋಡಿದಳು, ಸಾಹೇಬರನ್ನು ನೋಡಿದಳು. ಯಾರನ್ನು ನಂಬಬೇಕೋ ತಿಳಿಯಲಿಲ್ಲ.

"ಆಣೆ ಬೇಡ ಸಾಹೇಬ್ರೇ" ಎಂದಳು ಸೊಸೆ. "ಒಂದೇ ಒಂದು ಮಾತು ಹೇಳಿ, ನಾನು ಸುಮ್ನೆ ಹೊರಟೋಗ್ತೀನಿ. ನಿಮ್ಮಮ್ಮಂಗೆ ಮೊದಲು ಹೋಗಿದ್ದು ಯಾವ ಬೆರಳಿನ ಉಗುರು?"

ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅದನ್ನು ಅವಳು ಮೇಷ್ಟ್ರಿಗೆ ಹೇಳಿರಲಿಲ್ಲ. ಬಚ್ಚಿಟ್ಟುಕೊಂಡದ್ದೇನೂ ಅಲ್ಲ. ಅದನ್ನೂ ಹೇಳಬೇಕು ಅಂತ ಅನ್ನಿಸಿರಲಿಲ್ಲ, ಅಷ್ಟೇ. ತೊಟ್ಟಿಗೆ ಕೈ ಹಾ‌ಕಿದವರ ಮನೆಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿ ತಿಳಿಸಬೇಕಾಗಿಲ್ಲ.

"ಹೇಳಪ್ಪಾ" ಎಂದಳು ಅತ್ತೆ, ಮೆಟ್ಟಿಲ ಮೇಲಿಂದಲೇ, ಮಗನನ್ನು ಕೇಳುವ ಹಾಗೆ. "ಯಾವ್ದು?"

ಸಾಹೇಬರು ತಮ್ಮ ಕೈಯನ್ನು ನೋಡಿಕೊಂಡರು. ಹತ್ತೂ ಉಗುರು ಇದ್ದವು. ಅದರಲ್ಲಿ ಒಂದನ್ನು ಆರಿಸಬೇಕಾಗಿತ್ತು.

"ಬಲಗೈ ಹೆಬ್ಬೆರಳು" ಎಂದರು.

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಚೀಟಿಯನ್ನು ಮಡಿಸಿದಳು. ಇನ್ನೊಂದು ಸಲ ಮಡಿಸಿ ಎದೆಯೊಳಗೆ ಸೇರಿಸಿಕೊಂಡಳು. ಆಮೇಲೆ ಎಡಗೈಯನ್ನು ಎತ್ತಿ ಸಾಹೇಬರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ತೊಟ್ಟಿ ತಳದಿಂದ ಚಾದರ ಎತ್ತೋದು ಎಡಗೈಲಿ ಕಣಪ್ಪಾ. ಬಲಗೈಲಿ ಕೋಲು ಇರ್ತದೆ. ಎಲ್ಲಕ್ಕಿಂತ ಕೆಳಗೆ ಹೋಗೋದು ಕಿರುಬೆರಳು. ಅದೇ ಮೊದ್ಲು ಬೇಯೋದು. ಮೊದಲ್ನೇ ವರ್ಷನೇ ಹೋಗ್ತದೆ. ನಿಮ್ಮಮ್ಮ ಒಗೆದೋಳಲ್ಲ ಬಿಡು."

ಇಸ್ತ್ರಿಯಕ್ಕ ಎಡಗೈ ಎತ್ತಿದಳು. ಇಸ್ತ್ರಿ ಮನೆಗೆ ಹೋಗುವ ಮುಂಚೆ ಅವಳೂ ಹನ್ನೆರಡು ವರ್ಷ ತೊಟ್ಟಿಯಲ್ಲಿದ್ದವಳು. ಅವಳ ಪಕ್ಕದವಳು ಎತ್ತಿದಳು. ಎದ್ದು ನಿಂತಿದ್ದ ನಾಲ್ಕು ಜನ ಎತ್ತಿದರು. ಯಾರೂ ಹೇಳಲಿಲ್ಲ, ಯಾರೂ ಕೂಗಲಿಲ್ಲ. ಬಿಸಿಲಿನಲ್ಲಿ ಐವತ್ತು ಅರವತ್ತು ಎಡಗೈಗಳು ಎದ್ದವು. ಬಿಳಿಚಿಕೊಂಡು, ಬಿರಿದು, ಬೆಂದು ಗಂಟುಕಟ್ಟಿದ ಕೈಗಳು. ಒಂದರ ಕಿರುಬೆರಳಿಗೂ ಉಗುರು ಇರಲಿಲ್ಲ.

ಅವಳು ಮಾತ್ರ ಕೈ ಎತ್ತಲಿಲ್ಲ. ಅವಳ ಹತ್ತೂ ಉಗುರು ನೆಟ್ಟಗಿದ್ದವು. ಅಮ್ಮ ತನ್ನ ಹತ್ತನ್ನೂ ಕೊಟ್ಟು ಉಳಿಸಿದ ಉಗುರುಗಳು. ಇಂಥ ಅಮ್ಮನನ್ನು ಎರಡು ತಿಂಗಳು ಈ ನೀಚನ ಬಾಯಿಗೆ ಕೊಟ್ಟೆನಲ್ಲ ಎಂದುಕೊಂಡಳು.

ಫೋಟೋದವರಲ್ಲಿ ಒಬ್ಬ ಆ ಕೈಗಳ ಫೋಟೋ ತೆಗೆಯತೊಡಗಿದ. ಮ್ಯಾನೇಜರ್ ಅವನ ಕ್ಯಾಮೆರಾ ಕಿತ್ತುಕೊಂಡ. ಸಾಹೇಬರು ಕಾರು ಹತ್ತುವ ಮೊದಲು ವೇದಿಕೆಯ ಕೆಳಗೆ ಬಂದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಚುನಾವಣೆ ಮುಗೀಲಿ. ಬುಲ್ಡೋಜರ್‌ಗೆ ಭಾಷಣ ಬೇಕಾಗಲ್ಲ."

ಅವಳು ಅದನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಖಾಲಿ ವೇದಿಕೆಯ ಮೇಲೆ ಹತ್ತಿ, ಅವರು ಅಂದದ್ದನ್ನು ಅಂದ ಹಾಗೇ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಮ್ಯಾನೇಜರ್ ಅಷ್ಟರಲ್ಲಿ ಮೈಕಿನ ವೈರು ಕಿತ್ತಿದ್ದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಇನ್ನೇನಾದರೂ ಹೇಳುತ್ತಾಳೆ ಅಂತ. ಅವಳಿಗೆ ತಮಾಷೆ ಹೊಳೆಯಲಿಲ್ಲ, ಅಳಿಸುವ ಮಾತೂ ಬೇಕೆನಿಸಲಿಲ್ಲ.

"ನಮ್ಮ ಬೀದಿ ಮುಟ್ಟಲ್ಲ ಅಂತ ಬರ್ದು ಕೊಡೋವರೆಗೆ, ನಾಳೆಯಿಂದ ಒಂದು ಚಾದರಾನೂ ಒಗೆಯೋದು ಬೇಡ" ಎಂದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದ್ದು ಒಬ್ಬೊಬ್ಬರಾಗಿ ಮನೆಗೆ ಹೋದರು. ಬೆಳಿಗ್ಗೆ ಐದಕ್ಕೆ ಒಗೆಯುವ ಮನೆಯ ಬಾಗಿಲು ತೆರೆಯಿತು, ತೊಟ್ಟಿಯ ನೀರು ಕುದಿಯಿತು, ಒಬ್ಬರೂ ಬರಲಿಲ್ಲ.